ಆಟಗಾರ ಗುರುವಾದಾಗ

ಸಂಗೀತಗಾರರಿಗೆ ಅರವತ್ತು ತುಂಬಿದರೆ ಕಂಠ ಪಕ್ವವಾಯಿತು ಎನ್ನುತ್ತೇವೆ. ವೈದ್ಯರಿಗೆ ಅರವತ್ತಾದರೆ ಕೈಗುಣ ಹೆಚ್ಚಿತು ಎಂದು ನಂಬುತ್ತೇವೆ. ಆದರೆ ಫುಟ್‌ಬಾಲ್ ಆಡುವವನ ಪಾಡು ಬೇರೆ. ಅವನಿಗೆ ಮೂವತ್ತು ದಾಟಿತೆಂದರೆ ಸಾಕು, ಮೈದಾನದ ಸುತ್ತ ನಿಂತವರು 'ಇನ್ನು ಇವನದು ಮುಗಿಯಿತು' ಎಂದು ಮಾತಾಡಿಕೊಳ್ಳುತ್ತಾರೆ. ಅವನ ವಯಸ್ಸಿನ ವಕೀಲನಿಗೆ ಆಗತಾನೆ ನಾಲ್ಕು ಮೊಕದ್ದಮೆ ಕೈಗೆ ಬರತೊಡಗಿರುತ್ತವೆ. ಇವನಿಗೆ ಮಾತ್ರ ಪೆನ್ಷನ್ನಿನ ವಯಸ್ಸು! ಹತ್ತು ಹನ್ನೆರಡು ವರ್ಷ ಊರಿಗೆ ಊರೇ ಹೆಸರು ಹಿಡಿದು ಕೂಗಿದ ಮನುಷ್ಯ ಒಂದು ದಿನ ಬೂಟು ಬಿಚ್ಚಿ ಮನೆಗೆ ಬರುತ್ತಾನೆ. ಆಮೇಲೆ ಏನು?

ಈ 'ಆಮೇಲೆ' ಎಂಬ ಪ್ರಶ್ನೆಯನ್ನು ಕುರಿತೇ ಇಂದು ನಿಮ್ಮೊಡನೆ ನಾಲ್ಕು ಮಾತು ಆಡಬೇಕೆಂದಿದ್ದೇನೆ. ಕೆಲವರು ನೌಕರಿ ಹಿಡಿದು ಆಟವನ್ನು ಮರೆಯುತ್ತಾರೆ. ಕೆಲವರು ಜಗಲಿಯ ಮೇಲೆ ಕುಳಿತು ತಮ್ಮ ಕಾಲದ ಗೋಲುಗಳನ್ನು ಎಣಿಸುತ್ತಾರೆ. ಎಲ್ಲೋ ಕೆಲವರು ಮತ್ತೆ ಮೈದಾನಕ್ಕೆ ಹೋಗುತ್ತಾರೆ. ಈ ಸಲ ಆಡುವುದಕ್ಕಲ್ಲ, ಆಡಿಸುವುದಕ್ಕೆ. ಕೇಳುವುದಕ್ಕೆ ಸುಲಭ, ಮಾಡುವುದಕ್ಕೆ ಕಷ್ಟ. ಚೆನ್ನಾಗಿ ಅಡುಗೆ ಮಾಡುವ ತಾಯಿಯನ್ನು 'ಉಪ್ಪು ಎಷ್ಟು ಹಾಕಬೇಕಮ್ಮಾ?' ಎಂದು ಕೇಳಿ ನೋಡಿ. 'ಎಷ್ಟು ಬೇಕೋ ಅಷ್ಟು' ಎನ್ನುತ್ತಾಳೆ. ಒಳ್ಳೆಯ ಆಟಗಾರನೂ ಹಾಗೆಯೇ. ಅವನ ಕಾಲಿಗೆ ಗೊತ್ತಿರುವುದು ಅವನ ನಾಲಿಗೆಗೆ ಗೊತ್ತಿರುವುದಿಲ್ಲ.

ಕಾಲಿಗೂ ಗೊತ್ತಿದ್ದು ನಾಲಿಗೆಗೂ ಗೊತ್ತಿದ್ದ ಒಬ್ಬರು ನಮ್ಮ ದೇಶದಲ್ಲಿ ಇದ್ದರು. ಅವರ ಹೆಸರು ಪ್ರದೀಪ್ ಕುಮಾರ್ ಬ್ಯಾನರ್ಜಿ. ಫುಟ್‌ಬಾಲ್ ಬಲ್ಲವರೆಲ್ಲ ಅವರನ್ನು ಕರೆಯುತ್ತಿದ್ದುದು ಎರಡೇ ಅಕ್ಷರದಲ್ಲಿ: ಪಿ.ಕೆ. ಅವರು ಭಾರತದ ತಂಡಕ್ಕೆ ಹನ್ನೆರಡು ವರ್ಷ ಬಲಗಡೆಯ ಅಂಚಿನಲ್ಲಿ ಓಡಿದರು. ಅನಂತರ ಮೂವತ್ತು ವರ್ಷಗಳ ಕಾಲ ಇತರರನ್ನು ಓಡಿಸಿದರು.

ಪಿ.ಕೆ. ಹುಟ್ಟಿದ್ದು 1936ರ ಜೂನ್ 23ರಂದು, ಉತ್ತರ ಬಂಗಾಳದ ಜಲಪಾಯಿಗುರಿ ಜಿಲ್ಲೆಯ ಮೊಯ್ನಾಗುರಿಯಲ್ಲಿ. ಹಿಮಾಲಯದ ಬುಡದ ಪ್ರದೇಶ ಅದು. ಚಹದ ತೋಟಗಳು, ಧಾರಾಕಾರ ಮಳೆ. ಶಾಲೆಯ ಓದು ಸ್ವಲ್ಪ ಅಲ್ಲಿ, ಸ್ವಲ್ಪ ಟಾಟಾ ಉಕ್ಕಿನ ಕಾರ್ಖಾನೆಯ ಊರಾದ ಜಮ್ಶೆಡ್‌ಪುರದಲ್ಲಿ. ಕಾರ್ಖಾನೆಯ ಊರುಗಳಲ್ಲಿ ಫುಟ್‌ಬಾಲ್ ಹೇಗೆ ಬೆಳೆಯುತ್ತದೆಂಬುದನ್ನು ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ. ಪಾಳಿ ಮುಗಿಸಿ ಬಂದ ಕೆಲಸಗಾರರು ಒಂದು ಚೆಂಡು, ನಾಲ್ಕು ಕಲ್ಲು ಇಟ್ಟುಕೊಂಡು ಕತ್ತಲಾಗುವವರೆಗೆ ಆಡುತ್ತಾರೆ. ಅವರ ಮಕ್ಕಳು ಗೋಲಿನ ಹಿಂದೆ ನಿಂತು ಚೆಂಡು ಹೆಕ್ಕಿ ಕೊಡುತ್ತ ಕೊಡುತ್ತ ತಾವೂ ಆಟಗಾರರಾಗುತ್ತಾರೆ. ಹದಿನೈದು ವರ್ಷದ ಹುಡುಗನಾಗಿದ್ದಾಗಲೇ ಪಿ.ಕೆ. ಬಿಹಾರದ ಪರವಾಗಿ ಸಂತೋಷ್ ಟ್ರೋಫಿ ಪಂದ್ಯಗಳಲ್ಲಿ ಆಡಿದರು.

1954ರಲ್ಲಿ ಅವರು ಕಲ್ಕತ್ತೆಗೆ ಬಂದರು. ಇಂದು ಕೋಲ್ಕತ್ತ ಎಂದು ಕರೆಯುವ ಆ ನಗರ ಆಗ ಭಾರತದ ಫುಟ್‌ಬಾಲಿಗೆ ಕಾಶಿಯಿದ್ದ ಹಾಗೆ. ಮೊದಲ ವರ್ಷ ಆರ್ಯನ್ ಕ್ಲಬ್ಬಿನಲ್ಲಿ ಆಡಿದರು. ಮರುವರ್ಷ ಈಸ್ಟರ್ನ್ ರೈಲ್ವೆ ಸೇರಿದರು. ಸೇರಿದವರು ಆಟ ಬಿಡುವವರೆಗೂ ಅಲ್ಲಿಯೇ ಉಳಿದರು.

ಇಲ್ಲಿ ಒಂದು ವಿಷಯವನ್ನು ವಿವರಿಸಬೇಕು. ಆ ಕಾಲದಲ್ಲಿ ನಮ್ಮ ದೇಶದಲ್ಲಿ ಫುಟ್‌ಬಾಲ್ ಆಡಿಯೇ ಹೊಟ್ಟೆ ಹೊರೆಯುವುದು ಎಂಬ ಮಾತು ಬಹಿರಂಗವಾಗಿ ಇರಲಿಲ್ಲ. ಇಂಗ್ಲೆಂಡಿನಲ್ಲಿ ವಾರದ ಸಂಬಳಕ್ಕೆ ಆಡುವ ವೃತ್ತಿ ಆಟಗಾರರು 19ನೆಯ ಶತಮಾನದಿಂದಲೇ ಇದ್ದರು. ನಮ್ಮಲ್ಲಿ ಆಟಗಾರನೆಂದರೆ ಹವ್ಯಾಸಿ. ಕ್ಲಬ್ಬುಗಳು ಕೈಗೆ ಒಂದಿಷ್ಟು ಹಣ ಕೊಡುತ್ತಿದ್ದವು. ಅದು ಎಲ್ಲರಿಗೂ ಗೊತ್ತಿದ್ದರೂ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನಿಜವಾದ ಸಂಬಳ ಎಂದರೆ ನೌಕರಿ. ರೈಲ್ವೆ, ಅಂಚೆ, ಪೊಲೀಸು, ಬಂದರು, ಕಾರ್ಖಾನೆ ಇವು ಒಳ್ಳೆಯ ಆಟಗಾರನಿಗೆ ಕೆಲಸ ಕೊಡುತ್ತಿದ್ದವು. ಬೆಳಗ್ಗೆ ಅಭ್ಯಾಸ, ಆಮೇಲೆ ಕಚೇರಿ, ಸಂಜೆ ಪಂದ್ಯ. ದೊಡ್ಡ ಕ್ಲಬ್ಬು ಈ ವರ್ಷ ಹೊತ್ತು ಮೆರೆಸಿ ಮುಂದಿನ ವರ್ಷ ಕೈಬಿಡಬಹುದು; ರೈಲ್ವೆಯ ನೌಕರಿ ಕೈಬಿಡುವುದಿಲ್ಲ. ಮನೆಯ ಹೊಣೆ ಹೊತ್ತಿದ್ದ ಹುಡುಗ ರೈಲ್ವೆಯನ್ನೇ ನೆಚ್ಚಿಕೊಂಡದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಆದರೆ ಇದರ ಬೆಲೆಯೂ ಇತ್ತು. ಕಲ್ಕತ್ತೆಯಲ್ಲಿ ಮೋಹನ್ ಬಗಾನ್, ಈಸ್ಟ್ ಬೆಂಗಾಲ್, ಮೊಹಮ್ಮಡನ್ ಸ್ಪೋರ್ಟಿಂಗ್ ಎಂಬ ಮೂರು ದೊಡ್ಡ ಕ್ಲಬ್ಬುಗಳು. ಜನ, ಹೂಮಾಲೆ, ಪತ್ರಿಕೆಯ ದೊಡ್ಡ ಅಕ್ಷರ ಎಲ್ಲವೂ ಅವಕ್ಕೇ. ರೈಲ್ವೆಯವರು ಆಡಿದರೆ ನೋಡಲು ಬರುವವರು ಎದುರು ತಂಡದ ಅಭಿಮಾನಿಗಳು! ಹಾಗಿದ್ದೂ 1958ರಲ್ಲಿ ಈಸ್ಟರ್ನ್ ರೈಲ್ವೆ ಕಲ್ಕತ್ತೆಯ ಲೀಗ್ ಪಂದ್ಯಾವಳಿಯನ್ನು ಗೆದ್ದಿತು. ಆ ಮೂರು ಕ್ಲಬ್ಬುಗಳನ್ನು ಬಿಟ್ಟು ಬೇರೊಂದು ತಂಡ ಮತ್ತೆ ಆ ಲೀಗನ್ನು ಗೆಲ್ಲಲು 2019ರವರೆಗೆ, ಅಂದರೆ 61 ವರ್ಷ, ಕಾಯಬೇಕಾಯಿತು. ಅದು ಎಷ್ಟು ದೊಡ್ಡ ಸಾಹಸ ಎಂಬುದಕ್ಕೆ ಇದೊಂದೇ ಲೆಕ್ಕ ಸಾಕು.

ಇನ್ನು ದೇಶದ ತಂಡದ ಮಾತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ನಮ್ಮವರು ಬಹುಮಂದಿ ಬರಿಗಾಲಲ್ಲಿಯೇ ಆಡಿದರು. ಫ್ರಾನ್ಸಿನ ಎದುರು 1-2ರಲ್ಲಿ ಸೋತರು; ಸಿಕ್ಕ ಎರಡು ಪೆನಾಲ್ಟಿಗಳೂ ವ್ಯರ್ಥವಾದವು. ಅಂದು ಭಾರತದ ಒಂದೇ ಗೋಲನ್ನು ಹೊಡೆದವರು ನಮ್ಮ ಬೆಂಗಳೂರಿನ ಆಟಗಾರ ಎಸ್. ರಾಮನ್ ಎಂಬುದನ್ನು ಈ ಸಂದರ್ಭದಲ್ಲಿ ನೆನೆಯೋಣ. 1952ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಯುಗೋಸ್ಲಾವಿಯ ನಮಗೆ ಹತ್ತು ಗೋಲು ಹೊಡೆಯಿತು. ಅಲ್ಲಿಂದ ಮುಂದೆ ಬೂಟು ಕಡ್ಡಾಯವಾಯಿತು. ಬೂಟು ಕಟ್ಟಿಕೊಂಡ ಹೊಸ ಪೀಳಿಗೆಯಲ್ಲಿ ಪಿ.ಕೆ. ಒಬ್ಬರು.

1956ರ ಮೆಲ್ಬೋರ್ನ್ ಒಲಿಂಪಿಕ್ಸಿಗೆ ಹೋದಾಗ ಅವರಿಗೆ ಇಪ್ಪತ್ತು ವರ್ಷ. ಭಾರತ ಆಸ್ಟ್ರೇಲಿಯವನ್ನು ಅವರ ನೆಲದಲ್ಲಿಯೇ 4-2ರಲ್ಲಿ ಸೋಲಿಸಿತು. ನೆವಿಲ್ ಡಿಸೋಜ ಆ ದಿನ ಮೂರು ಗೋಲು ಹೊಡೆದರು. ಮೈಸೂರು ಸೀಮೆಯ ಕೆಂಪಯ್ಯನವರೂ ಆ ತಂಡದಲ್ಲಿದ್ದರು. ಕೊನೆಗೆ ಭಾರತಕ್ಕೆ ದೊರೆತದ್ದು ನಾಲ್ಕನೆಯ ಸ್ಥಾನ. ಒಲಿಂಪಿಕ್ ಫುಟ್‌ಬಾಲಿನಲ್ಲಿ ಅದಕ್ಕಿಂತ ಮೇಲಕ್ಕೆ ನಾವು ಏರಿಲ್ಲ. ನಾಲ್ಕು ವರ್ಷದ ಮೇಲೆ ರೋಮಿನಲ್ಲಿ ಪಿ.ಕೆ. ಅವರೇ ನಾಯಕ. ಹಂಗೇರಿಯಂಥ ಬಲಿಷ್ಠ ತಂಡಕ್ಕೆ 1-2ರಲ್ಲಿ ಮಣಿದು, ಫ್ರಾನ್ಸಿನೊಡನೆ 1-1ರಲ್ಲಿ ಸಮ ಮಾಡಿಕೊಂಡರು. ಆ ಗೋಲು ನಾಯಕನದೇ. 1961ರಲ್ಲಿ ಅರ್ಜುನ ಪ್ರಶಸ್ತಿ ಆರಂಭವಾದಾಗ ಫುಟ್‌ಬಾಲಿನಿಂದ ಆರಿಸಿದ್ದು ಅವರನ್ನು.

ಆದರೆ ನಮ್ಮ ಇಂದಿನ ಪ್ರಶ್ನೆಗೆ ಸಂಬಂಧಿಸಿದ ಘಟನೆ ನಡೆದದ್ದು 1962ರಲ್ಲಿ, ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ. ಭಾರತ ತಂಡದ ಗುರು ಸೈಯದ್ ಅಬ್ದುಲ್ ರಹೀಮ್. ಹೈದರಾಬಾದಿನವರು, ಮೊದಲು ಶಾಲಾ ಉಪಾಧ್ಯಾಯರಾಗಿದ್ದವರು. 1950ರಿಂದ ದೇಶದ ತಂಡವನ್ನು ತಿದ್ದಿ ತೀಡಿದವರು. ಆ ಹೊತ್ತಿಗೆ ಅವರ ದೇಹವನ್ನು ಕ್ಯಾನ್ಸರ್ ಹಿಡಿದಿತ್ತು.

ಮೊದಲ ಪಂದ್ಯದಲ್ಲಿಯೇ ದಕ್ಷಿಣ ಕೊರಿಯ ನಮ್ಮನ್ನು 2-0ರಿಂದ ಸೋಲಿಸಿತು. ಆಮೇಲೆ ಥಾಯ್ಲೆಂಡ್, ಜಪಾನ್ ಎರಡನ್ನೂ ಗೆದ್ದೆವು. ಥಾಯ್ಲೆಂಡಿನ ಪಂದ್ಯದಲ್ಲಿ ಹಿಂದಿನ ಸಾಲಿನ ಜರ್ನೈಲ್ ಸಿಂಗರ ತಲೆ ಒಡೆದು ಹೊಲಿಗೆ ಹಾಕಬೇಕಾಯಿತು. ಬೇರೆ ಗುರುವಾಗಿದ್ದರೆ ಅವರನ್ನು ಹೊರಗೆ ಕೂರಿಸುತ್ತಿದ್ದರು. ರಹೀಮ್ ಸಾಹೇಬರು ಅವರನ್ನು ಮುಂದಿನ ಸಾಲಿಗೆ ಕಳಿಸಿದರು! ಸೆಮಿಫೈನಲಿನಲ್ಲಿ ದಕ್ಷಿಣ ವಿಯೆಟ್ನಾಮನ್ನು 3-2ರಲ್ಲಿ ಗೆದ್ದು, ಸೆಪ್ಟೆಂಬರ್ 4ರಂದು ಫೈನಲಿನಲ್ಲಿ ಮತ್ತೆ ಅದೇ ದಕ್ಷಿಣ ಕೊರಿಯದ ಎದುರು ನಿಂತೆವು.

ಅಂದಿನ ಸ್ಥಿತಿಯನ್ನು ಊಹಿಸಿಕೊಳ್ಳಿ. ಇಸ್ರೇಲ್ ಮತ್ತು ತೈವಾನ್ ಆಟಗಾರರಿಗೆ ಆತಿಥೇಯರು ಪ್ರವೇಶ ಕೊಡಲಿಲ್ಲವೆಂಬುದನ್ನು ಭಾರತದ ಪ್ರತಿನಿಧಿ ಜಿ.ಡಿ. ಸೋಂಧಿಯವರು ಖಂಡಿಸಿದ್ದರು. ಜಕಾರ್ತದ ಜನ ಅದರಿಂದ ಕೆರಳಿದ್ದರು. ಲಕ್ಷದಷ್ಟು ಜನ ಕಿಕ್ಕಿರಿದ ಕ್ರೀಡಾಂಗಣ. ನಮ್ಮವರ ಕಾಲಿಗೆ ಚೆಂಡು ಬಂದಾಗಲೆಲ್ಲ ಧಿಕ್ಕಾರದ ಕೂಗು. ನಮ್ಮ ಪರವಾಗಿ ಕೂಗಿದವರು ಪಾಕಿಸ್ತಾನದ ಹಾಕಿ ಆಟಗಾರರು ಎಂದು ಆ ತಂಡದವರು ಮುಂದೆಯೂ ನೆನೆಸಿಕೊಳ್ಳುತ್ತಿದ್ದರು. ಫೈನಲಿನ ಹಿಂದಿನ ರಾತ್ರಿ ರಹೀಮ್ ಸಾಹೇಬರು ಹುಡುಗರನ್ನು ಕರೆದು, ನನಗೊಂದು ಉಡುಗೊರೆ ಬೇಕು, ನಾಳೆ ಚಿನ್ನ ಗೆದ್ದು ಕೊಡಿ ಎಂದು ಕೇಳಿದರಂತೆ. ಕಾಯಿಲೆಯ ಮನುಷ್ಯ, ಹನ್ನೆರಡು ವರ್ಷ ದುಡಿದವರು, ಹೆಚ್ಚು ಮಾತಾಡದವರು. ಅವರು ಕೇಳಿದ್ದು ಅಷ್ಟೇ.

ಮರುದಿನ ಹದಿನೇಳನೆಯ ನಿಮಿಷದಲ್ಲಿ ಪಿ.ಕೆ. ಮೊದಲ ಗೋಲು ಹೊಡೆದರು. ಮೂರು ನಿಮಿಷದಲ್ಲಿ ಜರ್ನೈಲ್ ಸಿಂಗ್, ಹೊಲಿಗೆ ಹಾಕಿದ ತಲೆಯವರು, ಎರಡನೆಯದನ್ನು ಹೊಡೆದರು. ಭಾರತ 2-1ರಲ್ಲಿ ಗೆದ್ದಿತು. ನಾಯಕ ಚುನಿ ಗೋಸ್ವಾಮಿ, ಬಲಗಡೆ ಪಿ.ಕೆ., ಮುಂದಿನ ಸಾಲಿನಲ್ಲಿ ಬಲರಾಮ್. ನಮ್ಮ ಬೆಂಗಳೂರಿನ ಅರುಮೈನಾಯಗಂ ಅವರೂ ಆ ತಂಡದವರೇ. ಮುಂದಿನ ವರ್ಷ ಜೂನಿನಲ್ಲಿ ರಹೀಮ್ ಸಾಹೇಬರು ತೀರಿಕೊಂಡರು.

ಪಿ.ಕೆ. ಅವರಿಗೆ ಆ ರಾತ್ರಿಯೇ ಗುರುವಿನ ಕೆಲಸದ ಮೊದಲ ಪಾಠವಾಯಿತೆಂದು ನನಗೆ ತೋರುತ್ತದೆ. ಯಾವ ಆಟಗಾರನನ್ನು ಎಲ್ಲಿ ನಿಲ್ಲಿಸಬೇಕು ಎಂಬುದು ವಿದ್ಯೆ. ಅದನ್ನು ಪುಸ್ತಕದಿಂದ ಕಲಿಯಬಹುದು. ಸೋತು ಬಂದ ಹನ್ನೊಂದು ಮಂದಿಯ ಎದೆಗೆ ತಟ್ಟುವಂತೆ ಒಂದು ಮಾತು ಹೇಳುವುದು ಬೇರೆಯದೇ ವಿದ್ಯೆ. ಅದನ್ನು ಕಲಿಯಲು ಅಂಥ ಮಾತನ್ನು ಒಮ್ಮೆ ಕೇಳಿರಬೇಕು.

1967ರಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲಿ, ಗಾಯದ ಕಾಟದಿಂದ ಪಿ.ಕೆ. ಆಟ ಬಿಟ್ಟರು. 1958, 1962, 1966ರ ಮೂರು ಏಷ್ಯನ್ ಕೂಟಗಳಲ್ಲಿ ಆಡಿಯಾಗಿತ್ತು. ಅಷ್ಟು ಹೆಸರು ಮಾಡಿದವರು 'ನನಗೆ ಇನ್ನೇನು ಕಲಿಯುವುದಿದೆ?' ಎಂದುಕೊಳ್ಳಬಹುದಿತ್ತು. ಅವರು ಹಾಗೆ ಎಂದುಕೊಳ್ಳಲಿಲ್ಲ. ಜಪಾನಿಗೆ ಹೋಗಿ, ಡೆಟ್ಮಾರ್ ಕ್ರಾಮರ್ ಎಂಬ ಜರ್ಮನ್ ಗುರು ನಡೆಸುತ್ತಿದ್ದ ಶಿಬಿರದಲ್ಲಿ ವಿದ್ಯಾರ್ಥಿಯಾಗಿ ಕುಳಿತರು. ಜಪಾನಿನ ತಂಡವನ್ನು ತಿದ್ದಿ, 1968ರ ಮೆಕ್ಸಿಕೊ ಒಲಿಂಪಿಕ್ಸಿನಲ್ಲಿ ಕಂಚು ಗೆಲ್ಲುವ ಮಟ್ಟಕ್ಕೆ ತಂದವರು ಈ ಕ್ರಾಮರ್. ಒಲಿಂಪಿಕ್ ನಾಯಕನಾಗಿದ್ದವರು ಮತ್ತೆ ನೋಟುಪುಸ್ತಕ ಹಿಡಿದು, ಚೆಂಡನ್ನು ತಡೆಯುವುದು ಹೇಗೆ, ಓಡುವುದಕ್ಕೆ ಮೊದಲು ಮೈ ಬಿಸಿಮಾಡಿಕೊಳ್ಳುವುದು ಹೇಗೆ ಎಂದು ಬರೆದುಕೊಳ್ಳುವುದು ಚಿಕ್ಕ ಮಾತಲ್ಲ. ದೊಡ್ಡ ಆಟಗಾರರಲ್ಲಿ ಅನೇಕರು ಎಡವುವುದು ಈ ಹೊಸ್ತಿಲಲ್ಲಿಯೇ.

ಫಲ ಬೇಗ ಕಂಡಿತು. 1970ರ ಬ್ಯಾಂಕಾಕ್ ಏಷ್ಯನ್ ಕೂಟಕ್ಕೆ ಜಿ.ಎಂ.ಎಚ್. ಬಾಷ ಅವರೊಡನೆ ಪಿ.ಕೆ. ಭಾರತ ತಂಡದ ಗುರುವಾದರು. ಮೂರನೆಯ ಸ್ಥಾನದ ಪಂದ್ಯದಲ್ಲಿ ಎದುರಾದದ್ದು ಜಪಾನ್. ತಮ್ಮ ಗುರು ಕ್ರಾಮರ್ ಕಟ್ಟಿದ ಜಪಾನ್. ಭಾರತ 1-0ರಲ್ಲಿ ಗೆದ್ದು ಕಂಚನ್ನು ತಂದಿತು. ಆ ಕಂಚಿನ ನಂತರ, 2023ರಲ್ಲಿ ಚೀನದಲ್ಲಿ ನಡೆದ ಕೂಟದವರೆಗೂ, ಏಷ್ಯನ್ ಕ್ರೀಡೆಗಳ ಫುಟ್‌ಬಾಲಿನಲ್ಲಿ ಭಾರತಕ್ಕೆ ಒಂದು ಪದಕವೂ ಬಂದಿಲ್ಲ.

1972ರಲ್ಲಿ ಈಸ್ಟ್ ಬೆಂಗಾಲ್ ಕ್ಲಬ್ಬು ಪಿ.ಕೆ. ಅವರನ್ನು ಕರೆಯಿತು. ಆಟಗಾರರಾಗಿ ಎಂದೂ ಕಾಲಿಡದ ಆ ದೊಡ್ಡ ಮನೆಗೆ ಅವರು ಗುರುವಾಗಿ ಹೋದರು. ಈ ಕ್ಲಬ್ಬುಗಳ ಸ್ವಭಾವವನ್ನು ಸ್ವಲ್ಪ ಹೇಳದಿದ್ದರೆ ಮುಂದಿನ ಕಥೆ ತಿಳಿಯುವುದಿಲ್ಲ. ಮೋಹನ್ ಬಗಾನ್ ಹಳೆಯದು. 1911ರಲ್ಲಿ ಬರಿಗಾಲಿನ ಹುಡುಗರು ಇಂಗ್ಲಿಷ್ ಪಲ್ಟನ್ನನ್ನು ಸೋಲಿಸಿ ಐ.ಎಫ್.ಎ. ಶೀಲ್ಡ್ ಗೆದ್ದದ್ದು ಅದೇ ಕ್ಲಬ್ಬು. ಈಸ್ಟ್ ಬೆಂಗಾಲ್ 1920ರದು. ಪೂರ್ವ ಬಂಗಾಳದಿಂದ ಬಂದವರ ಕ್ಲಬ್ಬು. ದೇಶ ಒಡೆದಾಗ ಮನೆ ಮಠ ಬಿಟ್ಟು ಬಂದ ಲಕ್ಷಾಂತರ ನಿರಾಶ್ರಿತರಿಗೆ ಅದು ತವರಿನ ಹೆಸರನ್ನು ಹೊತ್ತ ಒಂದೇ ಸಂಸ್ಥೆ. ಈಸ್ಟ್ ಬೆಂಗಾಲ್ ಗೆದ್ದ ದಿನ ಪೇಟೆಯಲ್ಲಿ ಇಲಿಶ್ ಮೀನಿಗೆ ಬೆಲೆ. ಮೋಹನ್ ಬಗಾನ್ ಗೆದ್ದರೆ ಸೀಗಡಿಗೆ. ಗಂಡ ಒಂದು ಪಕ್ಷ, ಹೆಂಡತಿಯ ತವರು ಇನ್ನೊಂದು ಪಕ್ಷವಾದ ಮನೆಗಳಲ್ಲಿ ಪಂದ್ಯದ ಸಂಜೆ ಒಲೆ ಹೊತ್ತುವುದೇ ಕಷ್ಟ ಎಂದು ತಮಾಷೆ ಮಾಡುತ್ತಾರೆ.

ಪಿ.ಕೆ. ಬಂದ ವರ್ಷವೇ ಈಸ್ಟ್ ಬೆಂಗಾಲ್ ಒಂದು ಗೋಲನ್ನೂ ಬಿಟ್ಟುಕೊಡದೆ ಕಲ್ಕತ್ತೆಯ ಲೀಗನ್ನು ಗೆದ್ದಿತು. 1970ರಿಂದ 1975ರವರೆಗೆ ಸತತವಾಗಿ ಆರು ವರ್ಷ ಲೀಗ್ ಆ ಕ್ಲಬ್ಬಿನದೇ. ಅದರಲ್ಲಿ ಕೊನೆಯ ನಾಲ್ಕು ಪಿ.ಕೆ. ಕಾಲದವು.

ಅವರು ಮಾಡುತ್ತಿದ್ದುದಾದರೂ ಏನು? ಶಿಸ್ತಿನ ವ್ಯಾಯಾಮ ಒಂದು, ತಂಡವನ್ನು ನಿಲ್ಲಿಸುವ ಲೆಕ್ಕಾಚಾರ ಇನ್ನೊಂದು. ಇವೆರಡೂ ಬೇರೆಯವರಲ್ಲಿಯೂ ಇದ್ದವು. ಅವರದೇ ಆದದ್ದು ಮಾತು. ಪಂದ್ಯಕ್ಕೆ ಮೊದಲು ಡ್ರೆಸ್ಸಿಂಗ್ ರೂಮಿನಲ್ಲಿ, ಅರ್ಧ ಆಟದ ವಿರಾಮದಲ್ಲಿ, ಅವರು ಆಡುತ್ತಿದ್ದ ಮಾತಿಗೆ ಕಲ್ಕತ್ತೆಯ ಜನ 'ವೋಕಲ್ ಟಾನಿಕ್' ಎಂದು ಹೆಸರಿಟ್ಟರು. ಬಾಟಲಿಯಲ್ಲಿ ಬರುವ ಟಾನಿಕ್ ಅಲ್ಲ, ಬಾಯಿಂದ ಬರುವ ಟಾನಿಕ್. ಒಬ್ಬನಿಗೆ ಅವನ ತಾಯಿಯ ಮಾತು, ಇನ್ನೊಬ್ಬನಿಗೆ ಅವನು ಹಿಂದೆ ಹೊಡೆದ ಗೋಲಿನ ನೆನಪು, ಮತ್ತೊಬ್ಬನಿಗೆ ಎದುರು ತಂಡದವರು ಅವನನ್ನು ಹೇಗೆ ಹಗುರವಾಗಿ ಕಂಡರೆಂಬ ಕಟಕಿ. ಎಲ್ಲರಿಗೂ ಒಂದೇ ಔಷಧಿಯಲ್ಲ. ಮೃದು ಮನಸ್ಸಿನವನನ್ನು ಗದರಿದರೆ ಮುದುಡುತ್ತಾನೆ, ಸೋಮಾರಿಯನ್ನು ಹೊಗಳಿದರೆ ಮಲಗುತ್ತಾನೆ. ಯಾರಿಗೆ ಯಾವುದು ಎಂದು ತಿಳಿಯಬೇಕಾದರೆ ಹುಡುಗರ ಮನೆ, ಊರು, ಸಾಲ, ಸಂಕಟ ಎಲ್ಲವೂ ತಿಳಿದಿರಬೇಕು. ನಿಮ್ಮ ಮನೆಯಲ್ಲಿ ಓದುವ ಮಕ್ಕಳಿದ್ದರೆ ಈ ಮಾತಿನ ಅರ್ಥ ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

1975ರ ಸೆಪ್ಟೆಂಬರ್ 30ರಂದು ಐ.ಎಫ್.ಎ. ಶೀಲ್ಡ್ ಫೈನಲಿನಲ್ಲಿ ಈಸ್ಟ್ ಬೆಂಗಾಲ್ ಮೋಹನ್ ಬಗಾನನ್ನು 5-0ರಿಂದ ಸೋಲಿಸಿತು. ಈ ಎರಡು ತಂಡಗಳ ಪಂದ್ಯದಲ್ಲಿ ಅಂಥ ಅಂತರ ಕಂಡವರಿರಲಿಲ್ಲ. ಗೆದ್ದವರ ಬೀದಿಯಲ್ಲಿ ದೀಪಾವಳಿ. ಸೋತ ತಂಡದ ಕೆಲವರು ಅಭಿಮಾನಿಗಳ ಸಿಟ್ಟಿಗೆ ಹೆದರಿ ಗಂಗೆಯ ಮೇಲೆ ದೋಣಿಯಲ್ಲಿ ರಾತ್ರಿ ಕಳೆದರೆಂದು ಹೇಳುತ್ತಾರೆ. ಅದಕ್ಕಿಂತ ದುಃಖದ ಸಂಗತಿಯೊಂದು ನಡೆಯಿತು. ಮೋಹನ್ ಬಗಾನಿನ ತರುಣ ಅಭಿಮಾನಿಯೊಬ್ಬ ಆ ಸೋಲನ್ನು ತಾಳಲಾರದೆ ಪ್ರಾಣ ಕಳೆದುಕೊಂಡ. ಆ ಐದು ಗೋಲುಗಳ ಕಥೆಯನ್ನು ಹೇಳುವವರೆಲ್ಲ ಇದನ್ನೂ ಹೇಳಬೇಕು. ಆಟವನ್ನು ಆಟವೆಂದು ಕಲಿಸುವ ಹೊಣೆ ತಂಡದ ಗುರುವಿನದು ಮಾತ್ರವಲ್ಲ. ಸುತ್ತ ಕೂಗುವ ನಮ್ಮದೂ ಹೌದು.

ಮರುವರ್ಷ ಪಿ.ಕೆ. ಮೋಹನ್ ಬಗಾನಿಗೆ ಹೋದರು. ಐದು ಗೋಲು ಹೊಡೆಸಿದವರೇ ಹೊಡೆಸಿಕೊಂಡವರ ಮನೆಗೆ ಗುರು! ಇಂಥ ಕಡೆ ಎರಡೂ ಪಕ್ಷದವರ ಸಂಶಯವನ್ನು ಹೊರಬೇಕಾಗುತ್ತದೆ. 1977ರಲ್ಲಿ ಕಲ್ಕತ್ತೆಯ ಲೀಗ್ ಈಸ್ಟ್ ಬೆಂಗಾಲ್ ಪಾಲಾಯಿತು. ಆ ಕಹಿ ಇನ್ನೂ ಆರಿರಲಿಲ್ಲ. ಅಷ್ಟರಲ್ಲಿ ಪೆಲೆ ಬಂದರು. ಹೌದು, ಬ್ರೆಜಿಲಿನ ಪೆಲೆ. ಅಮೆರಿಕದ ನ್ಯೂಯಾರ್ಕ್ ಕಾಸ್ಮೋಸ್ ತಂಡದೊಡನೆ ಬಂದು, ಸೆಪ್ಟೆಂಬರ್ 24ರಂದು ಈಡನ್ ಗಾರ್ಡನ್ಸ್ ಮೈದಾನದಲ್ಲಿ ಮೋಹನ್ ಬಗಾನಿನ ಎದುರು ಆಡಿದರು. ಮಳೆಯಿಂದ ನೆಲವೆಲ್ಲ ಕೆಸರು. ಎದುರಿಗೆ ಪೆಲೆ, ಬ್ರೆಜಿಲಿಗೆ ವಿಶ್ವಕಪ್ ತಂದ ನಾಯಕ ಕಾರ್ಲೊಸ್ ಆಲ್ಬರ್ಟೊ, ಇಟಲಿಯ ಕಿನಾಲಿಯ. ನಮ್ಮ ಹುಡುಗರು ಪಾದಧೂಳಿ ತೆಗೆದುಕೊಳ್ಳುವ ಮನಸ್ಸಿನಲ್ಲಿ ಕಣಕ್ಕಿಳಿದಿದ್ದರೆ ಹತ್ತು ಗೋಲು ಆಗುತ್ತಿತ್ತು. ಆದದ್ದು 2-2. ಗೌತಮ್ ಸರ್ಕಾರ್ ಪೆಲೆಯವರನ್ನು ನೆರಳಿನಂತೆ ಹಿಂಬಾಲಿಸಿದರು. ಹಬೀಬ್ ಮತ್ತು ಶ್ಯಾಮ್ ಥಾಪ ಗೋಲು ಹೊಡೆದರು. ಕೆಲವೇ ದಿನಗಳಲ್ಲಿ ಅದೇ ತಂಡ ಈಸ್ಟ್ ಬೆಂಗಾಲನ್ನು 1-0ರಿಂದ ಸೋಲಿಸಿ ಶೀಲ್ಡ್ ಗೆದ್ದಿತು. ಆ ಋತುವಿನಲ್ಲಿಯೇ ಬೊಂಬಾಯಿಯ ರೋವರ್ಸ್ ಕಪ್ಪನ್ನೂ ದೆಹಲಿಯ ಡ್ಯುರಾಂಡ್ ಕಪ್ಪನ್ನೂ ಮನೆಗೆ ತಂದಿತು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳಬೇಕು. ಇಲ್ಲದಿದ್ದರೆ ಇದು ಹೊಗಳಿಕೆಯ ಪಟ್ಟಿಯಾಗುತ್ತದೆ. ಮಾತಿನಿಂದ ಆಗುವ ಕೆಲಸಕ್ಕೆ ಒಂದು ಎಲ್ಲೆಯುಂಟು. 1982ರ ದೆಹಲಿ ಏಷ್ಯನ್ ಕೂಟದಲ್ಲಿ ಭಾರತ ತಂಡದ ಹೊಣೆ ಪಿ.ಕೆ. ಅವರದು. ನಮ್ಮ ನೆಲ, ನಮ್ಮ ಜನ. ತಂಡ ಚೀನದೊಡನೆ 2-2ರಲ್ಲಿ ಸಮ ಮಾಡಿಕೊಂಡು ಕ್ವಾರ್ಟರ್ ಫೈನಲಿಗೆ ಬಂದಿತು. ಅಲ್ಲಿ ಸೌದಿ ಅರೇಬಿಯ 1-0ರಿಂದ ಗೆದ್ದಿತು. ಆ ಇಪ್ಪತ್ತು ವರ್ಷಗಳಲ್ಲಿ ಏಷ್ಯದ ಇತರ ದೇಶಗಳು ಮೈದಾನ ಕಟ್ಟಿದ್ದವು, ಬಾಲಕರ ಶಾಲೆ ತೆರೆದಿದ್ದವು, ಹೊರಗಿನಿಂದ ಗುರುಗಳನ್ನು ಕರೆಸಿಕೊಂಡಿದ್ದವು. ನಮ್ಮ ಆಟಗಾರ ಮಾತ್ರ ಇನ್ನೂ ಕಚೇರಿಯಿಂದ ಮೈದಾನಕ್ಕೆ ಓಡುತ್ತಿದ್ದ. ಪಂದ್ಯದ ಹಿಂದಿನ ರಾತ್ರಿ ಆಡುವ ಮಾತು ಹುಡುಗನೊಳಗೆ ಇರುವುದನ್ನು ಹೊರತರಬಲ್ಲದು; ಹತ್ತು ವರ್ಷ ಕಲಿಸದೆ ಬಿಟ್ಟದ್ದನ್ನು ಒಳಗೆ ತುಂಬಲಾರದು. ಬೆಳೆಯ ಹೊತ್ತಿಗೆ ಎಚ್ಚರವಾದವನು ಬಿತ್ತನೆಯ ಹೊತ್ತಿನಲ್ಲಿ ಎಲ್ಲಿದ್ದ ಎಂದು ನಮ್ಮ ರೈತರು ಕೇಳುವುದಿಲ್ಲವೆ?

ಇದು ಪಿ.ಕೆ. ಅವರಿಗೂ ಮನವರಿಕೆಯಾಗಿದ್ದಿರಬೇಕು. 1990ರಲ್ಲಿ ಸರ್ಕಾರ ಪದ್ಮಶ್ರೀ ಕೊಟ್ಟಿತು. ಮರುವರ್ಷ, ಐವತ್ತೈದನೆಯ ವಯಸ್ಸಿನಲ್ಲಿ, ಅವರು ತಾವು ಬಾಲಕನಾಗಿ ಆಡಿದ ಜಮ್ಶೆಡ್‌ಪುರಕ್ಕೆ ಹಿಂದಿರುಗಿದರು. ಅಲ್ಲಿ 1987ರಲ್ಲಿ ಟಾಟಾ ಸಂಸ್ಥೆಯವರು ಬಾಲಕರಿಗಾಗಿಯೇ ಒಂದು ಫುಟ್‌ಬಾಲ್ ಶಾಲೆ ತೆರೆದಿದ್ದರು. ಊಟ, ಓದು, ಆಟ ಎಲ್ಲವೂ ಒಂದೇ ಕಡೆ. ಪಿ.ಕೆ. ಕೆಲವು ವರ್ಷ ಅದರ ತಾಂತ್ರಿಕ ನಿರ್ದೇಶಕರಾಗಿದ್ದರು. ಲಕ್ಷ ಜನ ಕೂಗುವ ಕಡೆಯಿಂದ, ಬೆಳಗಿನ ಮಂಜಿನಲ್ಲಿ ಹದಿಹರೆಯದ ಹುಡುಗರು ಬೂಟಿನ ದಾರ ಕಟ್ಟಿಕೊಳ್ಳುವ ಕಡೆಗೆ. ಪತ್ರಿಕೆಯಲ್ಲಿ ಹೆಸರು ಬಾರದ ಕೆಲಸ. ಆದರೆ ಬಿತ್ತನೆಯ ಕೆಲಸ.

ಕಲ್ಕತ್ತೆ ಅವರನ್ನು ಇನ್ನೊಂದು ಸಲ ಕರೆಯಿತು. 1997ರಲ್ಲಿ ಪಿ.ಕೆ. ಮತ್ತೆ ಈಸ್ಟ್ ಬೆಂಗಾಲಿನಲ್ಲಿದ್ದರು. ಮೋಹನ್ ಬಗಾನಿನ ಗುರು ಅಮಲ್ ದತ್ತ. ಇವರ ವಿಷಯವನ್ನೂ ಒಂದು ಮಾತು ಹೇಳಬೇಕು. ಸ್ವಂತ ಖರ್ಚಿನಿಂದ ಇಂಗ್ಲೆಂಡಿಗೆ ಹೋಗಿ ಫುಟ್‌ಬಾಲ್ ಗುರುವಿನ ಶಿಕ್ಷಣ ಪಡೆದು ಬಂದವರು ಇವರು. ಪಿ.ಕೆ. ಮಾತಿನ ಮನುಷ್ಯ, ದತ್ತ ಲೆಕ್ಕದ ಮನುಷ್ಯ. ಆ ವರ್ಷ ದತ್ತರು ಆಟಗಾರರನ್ನು ವಜ್ರದ ಆಕಾರದಲ್ಲಿ ನಿಲ್ಲಿಸುವ ಹೊಸ ಪದ್ಧತಿ ತಂದು ಸಾಲಾಗಿ ಗೆಲ್ಲುತ್ತಿದ್ದರು. ಗೆಲುವಿನ ಹುರುಪಿನಲ್ಲಿ ಪಂದ್ಯಕ್ಕೆ ಮೊದಲು ಎದುರು ತಂಡದವರ ಹೆಸರುಗಳನ್ನು ತಿರುಚಿ ಗೇಲಿಯನ್ನೂ ಮಾಡಿದರು. ಪಿ.ಕೆ. ಉತ್ತರ ಕೊಡಲಿಲ್ಲ. ಆ ಗೇಲಿಯ ಮಾತುಗಳನ್ನು ತಮ್ಮ ಹುಡುಗರಿಗೆ ಮುಟ್ಟಿಸಿದರು, ಅಷ್ಟೇ.

ಜುಲೈ 13ರಂದು ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಫೆಡರೇಷನ್ ಕಪ್ ಸೆಮಿಫೈನಲ್. ಸೇರಿದ್ದ ಜನ 1,30,000ಕ್ಕೂ ಹೆಚ್ಚು. ಈಸ್ಟ್ ಬೆಂಗಾಲ್ 4-1ರಿಂದ ಗೆದ್ದಿತು. ಗೇಲಿಗೆ ಗುರಿಯಾದವರಲ್ಲಿ ಒಬ್ಬನಾದ ಸಿಕ್ಕಿಮಿನ ಇಪ್ಪತ್ತು ವರ್ಷದ ಹುಡುಗ ಭೈಚುಂಗ್ ಭುಟಿಯ ಒಬ್ಬನೇ ಮೂರು ಗೋಲು ಹೊಡೆದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಹಾಗಾಯಿತು. ಹಾಗೆಂದು ದತ್ತರ ವಿದ್ಯೆಯನ್ನು ಕಡಿಮೆಯೆಂದು ಎಣಿಸುವುದು ತಪ್ಪು. ನಮ್ಮ ಫುಟ್‌ಬಾಲಿಗೆ ಲೆಕ್ಕವನ್ನು ಕಲಿಸಿದವರು ಅವರು. ಎದೆಯನ್ನು ಕಲಿಸಿದವರು ಇವರು. ಎರಡೂ ಬೇಕು.

ವಿಶ್ವ ಫುಟ್‌ಬಾಲ್ ಸಂಸ್ಥೆ ತನ್ನ ನೂರನೆಯ ವರ್ಷದಲ್ಲಿ, 2004ರಲ್ಲಿ, ಪಿ.ಕೆ. ಅವರನ್ನು ಗೌರವಿಸಿತು. 2020ರ ಮಾರ್ಚ್ 20ರಂದು, ಎಂಬತ್ತಮೂರನೆಯ ವಯಸ್ಸಿನಲ್ಲಿ, ಅವರು ಕೋಲ್ಕತ್ತದಲ್ಲಿ ತೀರಿಕೊಂಡರು. ನಾಲ್ಕು ದಿನದ ಮೇಲೆ ಕೊರೋನದ ಕಾರಣ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ಏಪ್ರಿಲ್ 30ರಂದು ಜಕಾರ್ತದ ನಾಯಕ ಚುನಿ ಗೋಸ್ವಾಮಿಯವರೂ ಹೋದರು. ಬಲರಾಮ್ 2023ರ ಫೆಬ್ರವರಿಯಲ್ಲಿ ಹೋದರು. ಆ ಮೂವರ ಸಾಲು ಮುಗಿಯಿತು.

ಈಗ ನಮ್ಮ ಕಡೆಗೆ ಬರೋಣ. ಫುಟ್‌ಬಾಲ್ ಬಂಗಾಳದವರ ಆಟ, ನಮ್ಮದಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 1937ರಲ್ಲಿ, ಮತ್ತೆ 1938ರಲ್ಲಿ, ರೋವರ್ಸ್ ಕಪ್ಪನ್ನು ಗೆದ್ದದ್ದು ಬೆಂಗಳೂರು ಮುಸ್ಲಿಮ್ಸ್ ತಂಡ. ಅದಕ್ಕೆ ಮೊದಲು ಆ ಕಪ್ಪು ಬಿಳಿಯ ಪಲ್ಟನ್ನುಗಳ ಕೈಯಲ್ಲಿಯೇ ಇತ್ತು. ಮೈಸೂರು ತಂಡ ಸಂತೋಷ್ ಟ್ರೋಫಿಯನ್ನು 1946-47ರಲ್ಲಿ, 1952-53ರಲ್ಲಿ, 1967-68ರಲ್ಲಿ, 1968-69ರಲ್ಲಿ, ಹೀಗೆ ನಾಲ್ಕು ಸಲ ಗೆದ್ದಿತು. ಆ ತಂಡಗಳಲ್ಲಿ ಆಡಿದವರು ಆಟ ಬಿಟ್ಟ ಮೇಲೆ ಎಲ್ಲಿ ಹೋದರು? ಕೆಲವರು ಗುರುಗಳಾದರು, ಹಲವರು ಕಾರ್ಖಾನೆಯ ಗೇಟಿನೊಳಗೆ ಹೋಗಿ ನಮ್ಮ ಕಣ್ಣಿಗೆ ಬೀಳದಾದರು. ಅವರ ಕಾಲಿನ ವಿದ್ಯೆ ಅವರೊಡನೆಯೇ ಹೋಯಿತು. ಗೋಲು ಹೊಡೆದಾಗ ನಾವು ಚಪ್ಪಾಳೆ ತಟ್ಟಿದೆವು. ಅವರು ಕಲಿಸಲು ಸಿದ್ಧರಿದ್ದಾಗ ಮೈದಾನ ಕೊಡಲಿಲ್ಲ.

ನಿಮ್ಮ ಬಡಾವಣೆಯ ಆಟದ ಬಯಲಿನಲ್ಲಿ ಬೆಳಗಿನ ಹೊತ್ತು ಒಬ್ಬ ಹಿರಿಯರು ಸೀಟಿ ಕೊರಳಿಗೆ ಹಾಕಿಕೊಂಡು ಹತ್ತು ಹುಡುಗರನ್ನು ಓಡಿಸುತ್ತಿರಬಹುದು. ಅವರಿಗೆ ಮಂಡಿ ನೋವಿರಬಹುದು, ಹಳೆಯ ಗಾಯ. ಹುಡುಗರ ಪೈಕಿ ಒಬ್ಬನಿಗೆ ಬೂಟು ಇರಲಿಕ್ಕಿಲ್ಲ. ಒಂದು ದಿನ ನಿಂತು ನೋಡಿ. ಅವರು ಯಾವ ಹುಡುಗನನ್ನು ಗದರುತ್ತಾರೆ, ಯಾವನ ಹೆಗಲ ಮೇಲೆ ಕೈಯಿಟ್ಟು ಮಾತಾಡುತ್ತಾರೆ ಎಂಬುದನ್ನು ಗಮನಿಸಿ. ಆಮೇಲೆ ಹತ್ತಿರ ಹೋಗಿ, 'ನೀವು ಯಾವ ತಂಡಕ್ಕೆ ಆಡುತ್ತಿದ್ದಿರಿ, ಸ್ವಾಮಿ?' ಎಂದು ಕೇಳಿ. ಅವರು ಹೇ ಳುವ ಕಥೆ ಸಣ್ಣದಾಗಿರಲಾರದು. ಮನೆಯಲ್ಲಿ ಆಡುವ ಮಗುವಿದ್ದರೆ ಮರುದಿನ ಅದರ ಕೈಹಿಡಿದು ಅಲ್ಲಿಗೇ ಕರೆದುಕೊಂಡು ಹೋಗಿ.